ಬೀಡಿನ ಗ್ರಿಲ್ ಜಾಲರಿಗೆ ಮಳೆಗಾಲದ ತುಕ್ಕು, ಉಳಿಸಿಕೊಳ್ಳಬಹುದಾ?

ಮೂಡಿಗೆರೆ ತೋಟದವನು
ನಮಸ್ಕಾರ. ಮೂಡಿಗೆರೆ ಹತ್ತಿರ ತೋಟದ ಮಧ್ಯೆ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ಇದ್ದಿಲಿನ ಬಾರ್ಬೆಕ್ಯೂ ಇಟ್ಟಿದ್ದೇವೆ, ಜಾಲರಿ ಬೀಡಿನದ್ದು, ಅಂದರೆ ಎರಕದ ಕಬ್ಬಿಣದ್ದು, ಒಳ್ಳೆ ಭಾರ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಹೊರಗೆ ಬೆಂಕಿ ಹಾಕುವ ಹಾಗೇ ಇರಲಿಲ್ಲ, ಎಲ್ಲ ಶೆಡ್‌ನಲ್ಲೇ ಇತ್ತು. ಈಗ ತೆಗೆದರೆ ಮೇಲೆಲ್ಲ ಕೆಂಪು ತುಕ್ಕು, ಕಂಬಿ ಸಂದಿಯಲ್ಲಿ ಹಳೆ ಮಸಾಲೆ ಕರಕಲಾಗಿ ಗಟ್ಟಿ ಕೂತಿದೆ. ದಸರಾ ರಜಕ್ಕೆ ಜನ ಬರುತ್ತಾರೆ. ಹೊಸದೇ ತಗೊಳ್ಳಿ ಅಂತ ಅಂಗಡಿಯವರು ಹೇಳುತ್ತಿದ್ದಾರೆ. ಇಷ್ಟು ಗಟ್ಟಿ ಮಾಲು ಎಸೆಯೋಕೆ ಮನಸ್ಸಿಲ್ಲ. ಏನು ಮಾಡಲಿ?

ಸಕಲೇಶಪುರ ಅಡುಗೆಮನೆ
ಎಸೆಯಬೇಡಿ ಅಣ್ಣ. ಕಂಬಿ ಬಿರುಕು ಬಿಟ್ಟಿಲ್ಲ, ತುಕ್ಕು ಪದರಪದರವಾಗಿ ಉದುರುತ್ತಿಲ್ಲ ಅಂದರೆ ಅದು ಇನ್ನೂ ಎಷ್ಟೋ ವರ್ಷ ಬಾಳುತ್ತದೆ.

ಮೊದಲು ಕೆಂಡದ ಮೇಲೆ ಜಾಲರಿ ಇಟ್ಟು ಮುಚ್ಚಳ ಹಾಕಿ ಚೆನ್ನಾಗಿ ಕಾಯಿಸಿ. ಕರಕಲೆಲ್ಲ ಒಣಗಿ ಪುಡಿಯಾಗುತ್ತದೆ, ಕೆರೆದರೆ ಸಲೀಸಾಗಿ ಬರುತ್ತದೆ. ಬಿಸಿ ಇರುವಾಗ ಮಾತ್ರ ತಣ್ಣೀರು ಸುರಿಯಬೇಡಿ, ಬೀಡು ಟಕ್ ಅಂತ ಸೀಳಿಬಿಡುತ್ತದೆ. ತಾನಾಗೇ ಆರಲಿ. ಆಮೇಲೆ ವಿನಿಗರ್ ಮತ್ತು ನೀರು ಸಮಸಮ ಬೆರೆಸಿ ಅದರಲ್ಲಿ ಅರ್ಧ ಗಂಟೆ ನೆನೆಸಿ, ಸ್ಟೀಲ್ ಸ್ಕ್ರಬ್ಬರ್‌ನಲ್ಲಿ ಉಜ್ಜಿ. ರಾತ್ರಿಯೆಲ್ಲ ಬಿಡೋದು ಬೇಡ, ಹುಳಿ ಕಬ್ಬಿಣವನ್ನೇ ತಿನ್ನುತ್ತದೆ. ತೊಳೆದ ತಕ್ಷಣ ಬೆಂಕಿ ಮೇಲೆ ಇಡಿ. ಸುಮ್ನೆ ಬಿಸಿಲಿಗೆ ಇಟ್ಟರೆ ಕಣ್ಣೆದುರಿಗೇ ಮತ್ತೆ ಕೆಂಪಗಾಗುತ್ತದೆ.

ಪೂರ್ತಿ ಒಣಗಿದ ಮೇಲೆ ಎಣ್ಣೆ. ಬಟ್ಟೆಯಲ್ಲಿ ಎಲ್ಲ ಕಡೆ ಸವರಿ, ಇನ್ನೊಂದು ಒಣ ಬಟ್ಟೆ ತಗೊಂಡು ಎಣ್ಣೆ ಹಚ್ಚಿಯೇ ಇಲ್ಲವೇನೋ ಅನ್ನುವಷ್ಟು ಒರೆಸಿ ತೆಗೆಯಿರಿ. ಎಲ್ಲರೂ ಕೆಡಿಸೋದು ಇಲ್ಲೇ. ಜಾಸ್ತಿ ಎಣ್ಣೆ ಉಳಿದರೆ ಅಂಟಂಟಾಗುತ್ತದೆ. 200ರಿಂದ 250 ಡಿಗ್ರಿ ಶಾಖದಲ್ಲಿ ಒಂದು ಗಂಟೆ ಮುಚ್ಚಿ ಕಾಯಿಸಿದರೆ ಎಣ್ಣೆ ಗಟ್ಟಿ ಪದರವಾಗಿ ಕಬ್ಬಿಣಕ್ಕೆ ಕೂರುತ್ತದೆ. ಮೂರು ನಾಲ್ಕು ಸಲ ಹೀಗೇ ಮಾಡಿ, ಕಪ್ಪಗೆ ಬರುತ್ತದೆ. ದೋಸೆ ಕಾವಲಿ ಪಳಗಿಸಿದ ಹಾಗೇ ಅಲ್ವಾ.

ಹಾಸನ ಹುಡುಗ
ಒಂದು ಮಾತು ಸೇರಿಸುತ್ತೇನೆ. ತಂತಿ ಬ್ರಷ್ ಬಳಸಿದರೆ ದಯವಿಟ್ಟು ಹುಷಾರು. ಕೂದಲಿನಷ್ಟು ಸಣ್ಣ ತಂತಿ ಮುರಿದು ಕಂಬಿಗೆ ಅಂಟಿ, ಮಾಂಸದ ಜೊತೆ ಹೊಟ್ಟೆಗೆ ಹೋಗುತ್ತದೆ. ಗಂಟಲು, ಕರುಳು ಚುಚ್ಚಿ ಆಪರೇಷನ್ ಆದವರಿದ್ದಾರೆ. ಗೆಸ್ಟ್‌ಗಳಿಗೆ ಬಡಿಸುವವರು ಇದನ್ನು ಹಗುರವಾಗಿ ತಗೋಬಾರದು. ದಿನದ ಕ್ಲೀನಿಂಗಿಗೆ ತೆಂಗಿನ ನಾರು ಸಾಕು, ಇಲ್ಲಾಂದ್ರೆ ಅರ್ಧ ಈರುಳ್ಳಿಯನ್ನು ಫೋರ್ಕಿಗೆ ಚುಚ್ಚಿ ಬಿಸಿ ಜಾಲರಿ ಮೇಲೆ ಉಜ್ಜಿ.

ಮೂಡಿಗೆರೆ ತೋಟದವನು
ತುಂಬಾ ಥ್ಯಾಂಕ್ಸ್. ಎಣ್ಣೆ ಯಾವುದು? ಮನೆಯಲ್ಲಿ ತೆಂಗಿನೆಣ್ಣೆ ಇದೆ. ಸೋಪು ಹಾಕಬಹುದಾ?

ಸಕಲೇಶಪುರ ಅಡುಗೆಮನೆ
ತೆಂಗಿನೆಣ್ಣೆ ಬೇಡ, ಅದು ಗಟ್ಟಿ ಪದರ ಕಟ್ಟೋದಿಲ್ಲ. ಸೂರ್ಯಕಾಂತಿ ಎಣ್ಣೆ ಒಳ್ಳೆಯದು. ಪಾತ್ರೆ ತೊಳೆಯುವ ಸೋಪು ಸ್ವಲ್ಪ ಹಾಕಿದರೆ ಏನೂ ಆಗಲ್ಲ, ನೆನೆಸಿಡಬೇಡಿ ಅಷ್ಟೇ. ಕಾಚಂಪುಳಿ (ಕೊಡಗಿನ ಕಪ್ಪು ಹುಳಿ), ನಿಂಬೆಹಣ್ಣು ಹಾಕಿದ ಮಸಾಲೆ ಸುಟ್ಟ ದಿನ ಮಾತ್ರ ಜಾಲರಿಯನ್ನು ಹಾಗೇ ಬಿಟ್ಟು ಮಲಗಬೇಡಿ. ಹುಳಿ ಆ ಕಪ್ಪು ಪದರವನ್ನು ಎಬ್ಬಿಸುತ್ತದೆ, ಉಪ್ಪು ತೇವ ಎಳೆಯುತ್ತದೆ.

ಕಳಸದ ಅಕ್ಕ
ನಿಮ್ಮದು ಬರೀ ಬೀಡೋ, ಮೇಲೆ ಎನಾಮಲ್ ಇದೆಯೋ ಮೊದಲು ನೋಡಿ. ಗಾಜಿನ ತರಹ ನುಣುಪಾಗಿ ಹೊಳೆಯುತ್ತಿದ್ದರೆ ಎನಾಮಲ್, ಅದನ್ನು ಸ್ಟೀಲ್ ಸ್ಕ್ರಬ್ಬರ್‌ನಲ್ಲಿ ಉಜ್ಜಬಾರದು, ಪದರ ಎದ್ದು ಹೋಗುತ್ತದೆ. ಕೆಂಪಗೆ ಎಲ್ಲ ಕಡೆ ಒಂದೇ ಸಮ ತುಕ್ಕು ಬಂದಿದೆ ಅಂದರೆ ಬರೀ ಬೀಡೇ ಇರಬೇಕು.

ಮುಂದಿನ ಮಳೆಗೆ ಶೆಡ್ ಬೇಡವೇ ಬೇಡ. ಒಲೆಯ ಬೂದಿಯನ್ನು ಪೂರ್ತಿ ಬಳಿದು ತೆಗೆಯಿರಿ, ಬೂದಿ ನೀರು ಹಿಡಿದಿಟ್ಟುಕೊಂಡು ಕಬ್ಬಿಣ ತಿನ್ನುತ್ತದೆ. ಜಾಲರಿಗೆ ತೆಳುವಾಗಿ ಎಣ್ಣೆ ಸವರಿ, ಪೇಪರ್ ಸುತ್ತಿ, ಸೌದೆ ಒಲೆ ಇದ್ದರೆ ಅದರ ಮೇಲಿನ ಅಟ್ಟದಲ್ಲಿಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ಒಳಗೇ ಬೆವರುತ್ತದೆ. ನಡುವೆ ಒಂದೆರಡು ಸಲ ಬಿಚ್ಚಿ ನೋಡಿ, ಕೆಂಪು ಚುಕ್ಕಿ ಕಂಡರೆ ಆಗಲೇ ಒರೆಸಿ ಇನ್ನೊಂದು ಕೈ ಎಣ್ಣೆ ಹಚ್ಚಿ.