ಚಿಕಿತ್ಸೆಗೆ ಮೊದಲು ಕಡತ: ಊರಿನಿಂದ ತರಬೇಕಾದ ಕಾಗದಗಳು ಮತ್ತು ಅವುಗಳ ಸರದಿ

ತೀರ್ಥಹಳ್ಳಿ ಕಡೆಯ ಸಹೋದರಿಯೊಬ್ಬರು ಗುಂಪಿನಲ್ಲಿ ಕೇಳಿದ ಪ್ರಶ್ನೆಗೆ ಇದು ನನ್ನ ಉತ್ತರ. ದಂಪತಿ ಜರ್ಮನಿಯಲ್ಲಿದ್ದಾರೆ, ವೈದ್ಯರು ಐವಿಎಫ್ (ಅಂಡ ಮತ್ತು ವೀರ್ಯವನ್ನು ದೇಹದ ಹೊರಗೆ ಕೂಡಿಸುವ ಸಂತಾನ ಚಿಕಿತ್ಸೆ) ಸೂಚಿಸಿದ್ದಾರೆ, ದಸರಾ ರಜೆಗೆ ಊರಿಗೆ ಬಂದಾಗ ಯಾವ ಕಾಗದಗಳನ್ನು ಮಾಡಿಸಿಕೊಂಡು ಹೋಗಬೇಕು ಎಂದು ಕೇಳಿದ್ದಾರೆ. ಎಲ್ಲ ರಕ್ತಪರೀಕ್ಷೆಗಳನ್ನೂ ಶಿವಮೊಗ್ಗದಲ್ಲೇ ಮಾಡಿಸಿಬಿಡಿ, ಖರ್ಚು ಉಳಿಯುತ್ತದೆ ಎಂದು ಹಲವರು ಬರೆದಿದ್ದಾರೆ. ಆ ಸಲಹೆಯನ್ನು ನಾನು ಒಪ್ಪುವುದಿಲ್ಲ. ಕಾಗದಗಳಿಗೂ ಆಯುಷ್ಯವಿದೆ. ಮದುವೆಯ ನೋಂದಣಿ ಪತ್ರ ಒಮ್ಮೆ ಕೈಗೆ ಬಂದರೆ ಹಳತಾಗುವುದಿಲ್ಲ. ಸೋಂಕಿನ ಪರೀಕ್ಷೆಯ ವರದಿಯಾದರೋ ಮೂರು ತಿಂಗಳಿಗೆ ಬೆಲೆ ಕಳೆದುಕೊಳ್ಳುತ್ತದೆ. ದೀರ್ಘಾಯುಷ್ಯದ ಕಾಗದವನ್ನು ಮೊದಲು, ಅಲ್ಪಾಯುಷ್ಯದ್ದನ್ನು ಕಟ್ಟಕಡೆಗೆ ಮಾಡಿಸಬೇಕು. ನಾನು ಇಂಗ್ಲೆಂಡಿನಲ್ಲಿ ನೆಲೆಸಿರುವವಳು, ನಾದಿನಿ ಜರ್ಮನಿಯಲ್ಲಿದ್ದಾಳೆ. ಸದ್ಯ ಸಾಗರದ ತವರಿನಲ್ಲಿರುವುದರಿಂದ ಊರಿನ ಕಡೆಯ ಕೆಲಸವನ್ನೇ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಮೊದಲನೆಯದು ಮದುವೆಯ ನೋಂದಣಿ. ನಮ್ಮ ಕಡೆ ದೇವಸ್ಥಾನದಲ್ಲಿ ಅಥವಾ ಕಲ್ಯಾಣ ಮಂಟಪದಲ್ಲಿ ಮದುವೆಯಾಗಿ, ವೀಸಾಕ್ಕೆ ಬೇಕಾಗುವವರೆಗೂ ನೋಂದಣಿಯ ಗೋಜಿಗೆ ಹೋಗದವರು ಬಹಳ. ದೇವಸ್ಥಾನ ಕೊಟ್ಟ ಪತ್ರ ಮದುವೆ ನಡೆದದ್ದಕ್ಕೆ ಸಾಕ್ಷಿಯಾದೀತೇ ಹೊರತು ಉಪನೋಂದಣಾಧಿಕಾರಿಯ ಪ್ರಮಾಣಪತ್ರಕ್ಕೆ ಸಮವಲ್ಲ. ಮದುವೆ ನಡೆದ ಊರಿನ ಅಥವಾ ವಧೂವರರಲ್ಲಿ ಒಬ್ಬರ ವಾಸಸ್ಥಳದ ವ್ಯಾಪ್ತಿಯ ಕಚೇರಿಯಲ್ಲಿ, ಲಗ್ನಪತ್ರಿಕೆ, ಮದುವೆಯ ಫೋಟೋ, ವಯಸ್ಸು ಮತ್ತು ವಿಳಾಸದ ದಾಖಲೆ, ಮೂವರು ಸಾಕ್ಷಿಗಳೊಂದಿಗೆ ಇದು ಆಗುತ್ತದೆ. 2024ರಿಂದ ಹಿಂದೂ ವಿವಾಹಗಳನ್ನು ರಾಜ್ಯದ ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದಲ್ಲಿಯೂ ನೋಂದಾಯಿಸಬಹುದಾಗಿದೆ. ಅಡಿಕೆ ಕೊಯ್ಲು ಶುರುವಾದ ಮೇಲೆ ಮೂವರು ಸಾಕ್ಷಿಗಳನ್ನು ಒಂದೇ ದಿನ ತಾಲ್ಲೂಕು ಕೇಂದ್ರಕ್ಕೆ ಕರೆತರುವುದು ಎಷ್ಟು ಕಷ್ಟವೆಂದು ತೋಟ ಇರುವವರಿಗೆ ಹೇಳಬೇಕಾಗಿಲ್ಲ. ಆದ್ದರಿಂದ ಅದಕ್ಕೆ ಮುಂಚೆಯೇ ಮುಗಿಸಿಕೊಳ್ಳಿ.

ಎರಡನೆಯದು ಜನನ ಪ್ರಮಾಣಪತ್ರ. ಇಲ್ಲಿ ಒಂದು ಸೂಕ್ಷ್ಮವಿದೆ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗುವುದು ನಮ್ಮಲ್ಲಿ ರೂಢಿ. ಜನನ ನೋಂದಣಿಯಾಗುವುದು ಮಗು ಹುಟ್ಟಿದ ಸ್ಥಳದಲ್ಲಿ. ಆದ್ದರಿಂದ ಅಪ್ಪನ ಊರು ಹೊಸನಗರವೆಂದು ಅಲ್ಲಿನ ಕಚೇರಿಯಲ್ಲಿ ಹುಡುಕಿಸಿದರೆ ಏನೂ ಸಿಗದೆ, ಅಮ್ಮನ ತವರಾದ ಕೊಪ್ಪದಲ್ಲಿಯೋ ಸೊರಬದಲ್ಲಿಯೋ ದಾಖಲೆ ಇರುತ್ತದೆ. ದಾಖಲೆ ಸಿಕ್ಕರೂ ಹಳೆಯ ಪತ್ರಗಳಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಇರುವುದುಂಟು, ಏಕೆಂದರೆ ನಾಮಕರಣಕ್ಕೆ ಮೊದಲೇ ಆಸ್ಪತ್ರೆಯವರು ವಿವರ ಕಳಿಸಿರುತ್ತಾರೆ. ದಾಖಲೆಯೇ ಇಲ್ಲದಿದ್ದರೆ ತಡವಾದ ನೋಂದಣಿಯೊಂದೇ ದಾರಿ. ಒಂದು ವರ್ಷ ಮೀರಿದ ಜನನವನ್ನು ನೋಂದಾಯಿಸಲು ಹಿಂದೆ ನ್ಯಾಯಾಲಯದ ಆದೇಶ ಬೇಕಾಗುತ್ತಿತ್ತು. 1969ರ ಜನನ ಮರಣ ನೋಂದಣಿ ಕಾಯ್ದೆಗೆ ತಂದ ತಿದ್ದುಪಡಿ 2023ರ ಅಕ್ಟೋಬರ್ 1ರಂದು ಜಾರಿಗೆ ಬಂದ ಮೇಲೆ ಆ ಅಧಿಕಾರ ಜಿಲ್ಲಾ ದಂಡಾಧಿಕಾರಿ, ಉಪವಿಭಾಗ ದಂಡಾಧಿಕಾರಿಗಳ ಕೈಗೆ ಬಂದಿದೆ. ತೀರ್ಥಹಳ್ಳಿ, ಭದ್ರಾವತಿಯವರಿಗೆ ಶಿವಮೊಗ್ಗದ ಉಪವಿಭಾಗ, ಹೊಸನಗರ, ಸೊರಬ, ಶಿಕಾರಿಪುರದವರಿಗೆ ಸಾಗರದ ಉಪವಿಭಾಗ. ಒಂದು ರಜೆಯಲ್ಲಿ ಮುಗಿಯುವ ಕೆಲಸ ಇದಲ್ಲ; ಊರಿನಲ್ಲಿರುವ ಅಣ್ಣನಿಗೋ ಭಾವನಿಗೋ ಅಧಿಕಾರ ಪತ್ರ ಬರೆದುಕೊಟ್ಟು ಮುಂಚಿತವಾಗಿಯೇ ಆರಂಭಿಸಿ.

ಇವೆರಡಕ್ಕಿಂತ ಹೆಚ್ಚು ತೊಂದರೆ ಕೊಡುವುದು ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಊರಿನ ಮತ್ತು ಅಪ್ಪನ ಹೆಸರಿನ ಮೊದಲ ಅಕ್ಷರಗಳು, ಪಾಸ್‌ಪೋರ್ಟಿನಲ್ಲಿ ಅವುಗಳ ವಿಸ್ತೃತ ರೂಪ, ಆಧಾರ್‌ನಲ್ಲಿ ಗಂಡನ ಹೆಸರು, ಮದುವೆ ಪತ್ರದಲ್ಲಿ ಬರಿಯ ಹೆಸರು. ಕೆಲವು ಮನೆಗಳಲ್ಲಿ ಸೊಸೆಗೆ ಹೊಸ ಹೆಸರಿಡುವ ಪದ್ಧತಿಯೂ ಇತ್ತು; ಲಗ್ನಪತ್ರಿಕೆಯಲ್ಲಿ ಒಂದು, ಬ್ಯಾಂಕಿನಲ್ಲಿ ಇನ್ನೊಂದು ಹೆಸರಿರುವ ಅಕ್ಕಂದಿರನ್ನು ನಾನು ಬಲ್ಲೆ. ಬೇರೆ ಕೆಲಸಗಳಲ್ಲಿ ಇದನ್ನು ಒಂದು ಅಫಿಡವಿಟ್ ಹಾಕಿ ದಾಟಿಬಿಡಬಹುದು. ಸಂತಾನ ಚಿಕಿತ್ಸೆಯ ಪ್ರಯೋಗಾಲಯದಲ್ಲಿ ಅದು ಸುಲಭವಲ್ಲ, ಏಕೆಂದರೆ ಅಲ್ಲಿ ಅಂಡ, ವೀರ್ಯ, ಭ್ರೂಣ ಇವುಗಳ ಪಾತ್ರೆಯ ಮೇಲಿನ ಹೆಸರನ್ನೂ ರೋಗಿಯ ಗುರುತನ್ನೂ ಪ್ರತಿ ಹಂತದಲ್ಲಿ ತಾಳೆ ನೋಡುತ್ತಾರೆ. ಒಂದಕ್ಷರದ ವ್ಯತ್ಯಾಸಕ್ಕೂ ವಿವರಣೆ ಕೇಳುವುದು ಅವರ ಕರ್ತವ್ಯ, ಕಿರುಕುಳವಲ್ಲ. ಪಾಸ್‌ಪೋರ್ಟಿನಲ್ಲಿರುವ ಕಾಗುಣಿತವನ್ನೇ ಆಧಾರವಾಗಿಟ್ಟುಕೊಂಡು ಉಳಿದವನ್ನು ಅದಕ್ಕೆ ಹೊಂದಿಸಿ. ಆಸ್ಪತ್ರೆಯಲ್ಲಿ ಮೊದಲ ದಿನ ಹೆಸರು ಬರೆಸುವಾಗಲೂ ಅದನ್ನೇ ಕೊಡಿ.

ಪತ್ರಗಳು ಸಿದ್ಧವಾದ ಮೇಲೆ ದೃಢೀಕರಣ ಮತ್ತು ಅನುವಾದ. ಒಂದು ದೇಶದ ಸರ್ಕಾರಿ ಪತ್ರವನ್ನು ಇನ್ನೊಂದು ದೇಶ ಮತ್ತೆ ದೃಢೀಕರಿಸದೆ ಒಪ್ಪಲೆಂದು ಹಾಕುವ ಮುದ್ರೆಗೆ ಅಪೋಸ್ಟಿಲ್ ಎನ್ನುತ್ತಾರೆ. ಭಾರತ 2005ರಲ್ಲಿ ಹೇಗ್ ಅಪೋಸ್ಟಿಲ್ ಒಪ್ಪಂದಕ್ಕೆ ಸೇರಿದೆ. ರಾಜ್ಯ ಮಟ್ಟದ ದೃಢೀಕರಣದ ಬಳಿಕ ವಿದೇಶಾಂಗ ಸಚಿವಾಲಯ ಅಪೋಸ್ಟಿಲ್ ಕೊಡುತ್ತದೆ. ಆದರೆ ಭಾರತ ಸೇರಿದಾಗ ಜರ್ಮನಿ ಆಕ್ಷೇಪ ಸಲ್ಲಿಸಿತ್ತು. ಆದ್ದರಿಂದ ಅಲ್ಲಿಗೆ ಹೋಗುವವರು ದುಡ್ಡು ಕೊಟ್ಟು ಅಪೋಸ್ಟಿಲ್ ಮಾಡಿಸುವ ಮೊದಲು, ತಮ್ಮ ವಿಮಾ ಸಂಸ್ಥೆಗೂ ಸ್ಥಳೀಯ ಕಚೇರಿಗೂ ಯಾವ ರೂಪದ ದಾಖಲೆ ಬೇಕೆಂದು ಬರಹದಲ್ಲಿ ಕೇಳಿಕೊಳ್ಳಬೇಕು. ಕನ್ನಡದಿಂದ ನೇರವಾಗಿ ಜರ್ಮನ್‌ಗೆ ಪ್ರಮಾಣೀಕೃತ ಅನುವಾದ ಮಾಡುವವರು ವಿರಳ. ಪತ್ರದ ಇಂಗ್ಲಿಷ್ ಪ್ರತಿ ಸಿಗುವುದಾದರೆ ಊರಿನಲ್ಲಿಯೇ ಪಡೆದುಕೊಂಡು ಹೋಗುವುದು ಜಾಣತನ.

ಇಷ್ಟಾದ ಮೇಲೆ ಹಣದ ಕಾಗದ. ಜರ್ಮನಿಯ ಸಾರ್ವಜನಿಕ ಆರೋಗ್ಯ ವಿಮೆ ಮೂರು ಪ್ರಯತ್ನಗಳವರೆಗೆ ಅಂಗೀಕೃತ ವೆಚ್ಚದ ಅರ್ಧವನ್ನು ಭರಿಸುತ್ತದೆ, ಆದರೆ ಷರತ್ತುಗಳು ಬಿಗಿ: ದಂಪತಿ ವಿವಾಹಿತರಾಗಿರಬೇಕು, ತಮ್ಮದೇ ಅಂಡ ಮತ್ತು ವೀರ್ಯವನ್ನು ಬಳಸಬೇಕು, ಇಬ್ಬರಿಗೂ 25 ತುಂಬಿರಬೇಕು, ಹೆಂಡತಿಗೆ 40, ಗಂಡನಿಗೆ 50 ತುಂಬಿರಬಾರದು. ಚಿಕಿತ್ಸೆ ಮಾಡದ ಬೇರೊಬ್ಬ ವೈದ್ಯರಿಂದ ವೈದ್ಯಕೀಯ ಮತ್ತು ಮಾನಸಿಕ ವಿಚಾರಗಳ ಕುರಿತು ಮುಂಚಿತವಾಗಿ ಸಲಹೆ ಪಡೆದಿರಬೇಕೆಂಬುದೂ ಕಾನೂನಿನಲ್ಲಿದೆ. ಎಲ್ಲಕ್ಕಿಂತ ಮುಖ್ಯವಾಗಿ, ವೈದ್ಯರು ಬರೆದ ಚಿಕಿತ್ಸಾ ಯೋಜನೆಯನ್ನು ವಿಮಾ ಸಂಸ್ಥೆ ಮಂಜೂರು ಮಾಡಿದ ನಂತರವೇ ಔಷಧ ಆರಂಭಿಸಬೇಕು. ಮೊದಲೇ ಆರಂಭಿಸಿದವರು ಆ ಸುತ್ತಿನ ಖರ್ಚನ್ನು ತಾವೇ ಹೊರಬೇಕಾದೀತು. ದಾನಿಯ ಅಂಡ ಬೇಕಾಗಬಹುದೆಂದು ವೈದ್ಯರು ಹೇಳಿದ್ದರೆ ಇನ್ನೊಂದು ಮಾತು: 1990ರ ಭ್ರೂಣ ರಕ್ಷಣಾ ಕಾನೂನಿನ ಪ್ರಕಾರ ಅಂಡದಾನದ ಚಿಕಿತ್ಸೆ ಆ ದೇಶದಲ್ಲಿ ನಿಷಿದ್ಧ.

ಇಂಗ್ಲೆಂಡಿನಲ್ಲಿರುವವರು ಬೇರೆ ಲೆಕ್ಕ ಹಾಕಬೇಕು. ಕೆಲಸದ ವೀಸಾದವರು ವರ್ಷಕ್ಕೆ 1,035 ಪೌಂಡಿನಂತೆ ಆರೋಗ್ಯ ಸರ್‌ಚಾರ್ಜ್ ಕಟ್ಟಿದ್ದರೂ, 2017ರ ಆಗಸ್ಟ್ 21ರಿಂದ ಸಹಾಯಕ ಸಂತಾನೋತ್ಪತ್ತಿ ಸೇವೆಗಳು ಆ ಸರ್‌ಚಾರ್ಜ್‌ನ ವ್ಯಾಪ್ತಿಯಲ್ಲಿಲ್ಲ. ಹೆರಿಗೆ ಉಚಿತ, ಐವಿಎಫ್ ಅಲ್ಲ. ಶಾಶ್ವತ ವಾಸದ ಅನುಮತಿ ಹತ್ತಿರವಿದ್ದವರು ಅದಕ್ಕಾಗಿ ಕಾಯುವುದೋ, ಖಾಸಗಿಯಾಗಿ ಹೋಗುವುದೋ ಎಂಬುದನ್ನು ವಯಸ್ಸನ್ನು ನೋಡಿಕೊಂಡು ನಿರ್ಧರಿಸಬೇಕಾಗುತ್ತದೆ. 37 ದಾಟಿದವರಿಗೆ ಕೇವಲ ಹಣ ಉಳಿಸಲು ಎರಡು ವರ್ಷ ಕಾಯಿರಿ ಎಂದು ನಾನಂತೂ ಹೇಳಲಾರೆ.

ಅಲ್ಲಿನ ಒಪ್ಪಿಗೆ ಪತ್ರಗಳ ಬಗ್ಗೆಯೂ ಹೇಳಬೇಕು. ಚಿಕಿತ್ಸೆಯನ್ನು ನಿಯಂತ್ರಿಸುವ ಎಚ್‌ಎಫ್‌ಇಎ ಸಂಸ್ಥೆಯ ನಮೂನೆಗಳನ್ನು ಗಂಡ ಹೆಂಡತಿ ಪ್ರತ್ಯೇಕವಾಗಿ ಓದಿ, ಪ್ರತ್ಯೇಕವಾಗಿ ಸಹಿ ಮಾಡಬೇಕು. ನಿಮ್ಮಲ್ಲಿ ಒಬ್ಬರು ತೀರಿಕೊಂಡರೆ ಅಥವಾ ಬುದ್ಧಿಸ್ವಾಧೀನ ತಪ್ಪಿದರೆ ಶೇಖರಿಸಿಟ್ಟ ಭ್ರೂಣಗಳನ್ನು ಏನು ಮಾಡಬೇಕೆಂಬ ಪ್ರಶ್ನೆ ಅದರಲ್ಲಿದೆ. ಮಗುವಿಗಾಗಿ ಹೊರಟವರ ಮುಂದೆ ಸಾವಿನ ಮಾತೇಕೆ, ಬಿಡ್ತು ಅನ್ನಿ ಎಂದು ಮನೆಯ ಹಿರಿಯರು ಗದರುವುದು ಸಹಜ. ಆದರೂ ಆ ಕಲಮನ್ನು ಖಾಲಿ ಬಿಡಬೇಡಿ. ಬರಹದ ಒಪ್ಪಿಗೆ ಇಲ್ಲದೆ ಗಂಡನ ಮರಣಾನಂತರ ಅವನ ವೀರ್ಯವನ್ನು ಬಳಸಲು ಆಸ್ಪತ್ರೆಗೆ ಅಧಿಕಾರವಿರುವುದಿಲ್ಲ. ಹುಟ್ಟಲಿರುವ ಮಗುವಿನ ಹಿತದ ಬಗ್ಗೆ ಮತ್ತೊಂದು ಪ್ರಶ್ನಾವಳಿ ಇರುತ್ತದೆ. ಇಂಗ್ಲಿಷ್ ಅಷ್ಟಾಗಿ ಬಾರದ ಹೆಂಡತಿಯ ಪರವಾಗಿ ಗಂಡನೇ ಅರ್ಥ ಹೇಳುವುದಕ್ಕಿಂತ ದುಭಾಷಿಯನ್ನು ಕೇಳುವುದು ಉತ್ತಮ.

ವೈದ್ಯಕೀಯ ಚರಿತ್ರೆಯ ನಮೂನೆಯಲ್ಲಿ ದಂಪತಿ ರಕ್ತಸಂಬಂಧಿಗಳೇ ಎಂಬ ಪ್ರಶ್ನೆ ಬರುತ್ತದೆ. ಸೋದರತ್ತೆಯ ಮಗನನ್ನೋ ಸೋದರಮಾವನನ್ನೋ ಮದುವೆಯಾದ ನಮ್ಮವರು ಅದನ್ನು ನೆಂಟಸ್ತಿಕೆಯೆಂದು ಭಾವಿಸಿ ಇಲ್ಲ ಎಂದು ಗುರುತು ಹಾಕುವುದನ್ನು ಕಂಡಿದ್ದೇನೆ. ಹೌದು ಎಂದೇ ಬರೆಯಿರಿ. ಅದರಿಂದ ಚಿಕಿತ್ಸೆ ನಿಲ್ಲುವುದಿಲ್ಲ, ಅನುವಂಶೀಯ ಸಲಹೆ ಸಿಗುತ್ತದೆ. ಥಲಸೇಮಿಯಾ ಎಂಬ ಅನುವಂಶೀಯ ರಕ್ತದ ಕಾಯಿಲೆಯ ವಾಹಕರೇ ಎಂದು ತಿಳಿಯುವ ಹಿಮೋಗ್ಲೋಬಿನ್ ಪರೀಕ್ಷೆ ಮತ್ತು ವರ್ಣತಂತುಗಳನ್ನು ನೋಡುವ ಕ್ಯಾರಿಯೋಟೈಪ್ ಪರೀಕ್ಷೆಗಳ ಫಲಿತಾಂಶ ಕಾಲ ಕಳೆದರೂ ಬದಲಾಗದು. ಊರಿನಲ್ಲಿ ಮಾಡಿಸಲು ಯೋಗ್ಯವಾದವು ಇವು. ರುಬೆಲ್ಲಾ ನಿರೋಧಕ ಶಕ್ತಿಯನ್ನೂ ಈಗಲೇ ನೋಡಿಸಿ, ಏಕೆಂದರೆ ಲಸಿಕೆ ಬೇಕಾದರೆ ಆಮೇಲೆ ಒಂದು ತಿಂಗಳು ಗರ್ಭ ಧರಿಸುವಂತಿಲ್ಲ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಗಳನ್ನು ಮಾತ್ರ ಇಲ್ಲಿ ಮಾಡಿಸಬೇಡಿ. ಐರೋಪ್ಯ ನಿಯಮದ ಪ್ರಕಾರ ಅವು ಅಂಡ ಅಥವಾ ವೀರ್ಯದ ಮೊದಲ ಸಂಗ್ರಹಕ್ಕೆ ಮುಂಚಿನ ಮೂರು ತಿಂಗಳೊಳಗಿನವಾಗಿರಬೇಕು, ಅಲ್ಲಿನ ಆಸ್ಪತ್ರೆ ಒಪ್ಪುವ ಪ್ರಯೋಗಾಲಯದಲ್ಲಿ ಆಗಿರಬೇಕು.

ಪ್ರಯಾಣವೇ ಒಂದು ತೊಡಕಾಗಬಹುದು. ಝೀಕಾ ವೈರಸ್ ಕಂಡುಬಂದ ದೇಶಗಳಿಗೆ ಹೋಗಿ ಬಂದಿದ್ದೀರಾ ಎಂದು ಆಸ್ಪತ್ರೆಗಳು ಕೇಳುತ್ತವೆ. ಭಾರತದಲ್ಲಿ ಪ್ರಕರಣಗಳು ವರದಿಯಾಗಿವೆ. ಅಂಥ ಪ್ರದೇಶದಿಂದ ಮರಳಿದ ಮೇಲೆ ಗಂಡಸರು ಮೂರು ತಿಂಗಳು, ಹೆಂಗಸರು ಎರಡು ತಿಂಗಳು ಗರ್ಭಧಾರಣೆಯ ಪ್ರಯತ್ನವನ್ನು ಮುಂದೂಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ದಸರಾಕ್ಕೆ ಇಬ್ಬರೂ ಬರುವುದಾದರೆ ಚಿಕಿತ್ಸೆಯ ದಿನಾಂಕವನ್ನು ಆಸ್ಪತ್ರೆಯೊಂದಿಗೆ ಮಾತಾಡಿ ನಿಗದಿಮಾಡಿಕೊಳ್ಳಿ.

ಈ ಹಿಂದೆ ಶಿವಮೊಗ್ಗ, ಮಣಿಪಾಲ ಅಥವಾ ಬೆಂಗಳೂರಿನಲ್ಲಿ ಐವಿಎಫ್ ಮಾಡಿಸಿದ್ದವರು ಬಿಡುಗಡೆ ಸಾರಾಂಶಕ್ಕೆ ತೃಪ್ತರಾಗದೆ, ಕೊಟ್ಟ ಔಷಧದ ಪ್ರಮಾಣ, ಪಡೆದ ಅಂಡಗಳ ಸಂಖ್ಯೆ, ಭ್ರೂಣದ ದರ್ಜೆ ಇರುವ ಪ್ರಯೋಗಾಲಯದ ಟಿಪ್ಪಣಿಯನ್ನು ಲಿಖಿತ ಅರ್ಜಿ ಕೊಟ್ಟು ಕೇಳಬೇಕು. 2021ರ ಎಆರ್‌ಟಿ (ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ) ಕಾಯ್ದೆಯಂತೆ ಆಸ್ಪತ್ರೆಗಳು ದಾಖಲೆಗಳನ್ನು ಹತ್ತು ವರ್ಷ ಇಟ್ಟಿರಬೇಕು. ಭ್ರೂಣಗಳು ಇಲ್ಲಿಯೇ ಶೈತ್ಯದಲ್ಲಿದ್ದರೆ, ಸ್ವಂತ ಬಳಕೆಗಾಗಿ ದೇಶದ ಹೊರಗೆ ಒಯ್ಯಲು ಅದೇ ಕಾಯ್ದೆಯಡಿ ರಾಷ್ಟ್ರೀಯ ಮಂಡಳಿಯ ಅನುಮತಿ ಕಡ್ಡಾಯ. ಅದಕ್ಕೆ ಅರ್ಜಿ ಹಾಕುವ ಮೊದಲು, ಸ್ವೀಕರಿಸುವ ಆಸ್ಪತ್ರೆಗೆ ಹೊರದೇಶದಿಂದ ಭ್ರೂಣ ತರಿಸಿಕೊಳ್ಳುವ ಪರವಾನಗಿ ಇದೆಯೇ ಎಂದು ತಿಳಿದುಕೊಳ್ಳಿ.

ಅನುವಾದ ಮಾಡಿಸುವಾಗ ಪ್ರತಿಯೊಂದಕ್ಕೂ ಎರಡು ಮುದ್ರಿತ ಪ್ರತಿ ತೆಗೆಸಿ, ವಿಮಾ ಸಂಸ್ಥೆಗೆ ಮೂಲವನ್ನು ಕೊಟ್ಟುಬಿಡಬೇಡಿ. ಜರ್ಮನಿಯಲ್ಲಿ ಮಗು ಹುಟ್ಟಿದ ಒಂದು ವಾರದೊಳಗೆ ನೋಂದಣಿ ಕಚೇರಿಗೆ ತಿಳಿಸಬೇಕು, ಅಲ್ಲಿ ತಂದೆತಾಯಿಯ ಜನನ ಪತ್ರ ಮತ್ತು ಮದುವೆ ಪತ್ರವನ್ನು ಅನುವಾದಸಹಿತ ಮತ್ತೆ ಕೇಳುತ್ತಾರೆ. ಭಾರತದ ಪೌರತ್ವಕ್ಕಾಗಿ ದೂತಾವಾಸದಲ್ಲಿ ಒಂದು ವರ್ಷದೊಳಗೆ ಜನನವನ್ನು ದಾಖಲಿಸುವಾಗಲೂ ಇದೇ ಕಡತ ಬೇಕಾಗುತ್ತದೆ.