ಐಆರ್‌ಎ ವಂತಿಗೆಗೆ ನ್ಯೂಜೆರ್ಸಿಯಲ್ಲಿ ಕಡಿತವಿಲ್ಲವೇ? ಪೆನ್ಸಿಲ್ವೇನಿಯಾಕ್ಕೆ ಹೊರಟವರಿಗೆ ನಿಮ್ಮ ಅನುಭವ ತಿಳಿಸಿ

ಪ್ರಶ್ನೆ: ಪ್ಲೇನ್ಸ್‌ಬರೊ ಗೃಹಿಣಿ-ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಾವು ಎಂಟು ವರ್ಷಗಳಿಂದ ನ್ಯೂಜೆರ್ಸಿಯ ಪ್ಲೇನ್ಸ್‌ಬರೊದಲ್ಲಿದ್ದೇವೆ. ಬರುವ ಆಗಸ್ಟ್‌ನಲ್ಲಿ ಡೆಲವೇರ್ ನದಿಯಾಚೆ, ಪೆನ್ಸಿಲ್ವೇನಿಯಾದ ನ್ಯೂಟೌನ್‌ಗೆ ಮನೆ ಬದಲಿಸಲಿದ್ದೇವೆ. ನನ್ನ ಯಜಮಾನರಿಗೆ ಕಂಪನಿಯ 401(ಕೆ) ಇದೆ, ನನಗೆ ಶಾಲೆಯ 403(ಬಿ) ಇದೆ, ಎರಡೂ ಸಂಬಳದಿಂದ ತುಂಬುವ ನಿವೃತ್ತಿ ಉಳಿತಾಯ ಖಾತೆಗಳು. 2024ರ ಲೆಕ್ಕಕ್ಕೆ ನನ್ನ ಐಆರ್‌ಎಗೆ (ಸ್ವಂತವಾಗಿ ತೆರೆದ ನಿವೃತ್ತಿ ಖಾತೆಗೆ) 7,000 ಡಾಲರ್ ಹಾಕಿ ರಿಟರ್ನ್ ತುಂಬಿದಾಗ ಫೆಡರಲ್ ತೆರಿಗೆ 840 ಡಾಲರ್ ಇಳಿಯಿತು, ಆದರೆ ನ್ಯೂಜೆರ್ಸಿಯ ತೆರಿಗೆ ಒಂದು ಡಾಲರ್ ಕೂಡ ಕದಲಲಿಲ್ಲ. ನಮಗೆ ಅನ್ವಯವಾಗುವ 5.525% ದರದಲ್ಲಿ ಸುಮಾರು 387 ಡಾಲರ್ ಕಡಿಮೆಯಾಗಬೇಕಿತ್ತಲ್ಲವೇ? ಇದು ಸಾಫ್ಟ್‌ವೇರ್‌ನ ದೋಷವೋ, ಕಾನೂನೇ ಹೀಗಿದೆಯೋ? ಪೆನ್ಸಿಲ್ವೇನಿಯಾಕ್ಕೆ ಹೋದ ಮೇಲೆ ಏನಾಗುತ್ತದೆ? ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಫ್ರೇಮಿಂಗ್‌ಹ್ಯಾಮ್ ನಿವಾಸಿ

ದೋಷವಲ್ಲ, ಕಾನೂನೇ ಹೀಗಿದೆ. ಮ್ಯಾಸಚೂಸೆಟ್ಸ್ ಕೂಡ ಐಆರ್‌ಎ ವಂತಿಗೆಗೆ ಕಡಿತ ಕೊಡುವುದಿಲ್ಲ, ಅಂದರೆ ಅದನ್ನು ಆದಾಯದಿಂದ ಕಳೆಯಲು ಬಿಡುವುದಿಲ್ಲ, ಮತ್ತು ಅದನ್ನು ನಾನು ಆರು ವರ್ಷ ಗಮನಿಸಲೇ ಇಲ್ಲ. 2016ರಿಂದ 2018ರವರೆಗೆ ವರ್ಷಕ್ಕೆ 5,500, ಆಮೇಲೆ 2021ರವರೆಗೆ ವರ್ಷಕ್ಕೆ 6,000 ಹಾಕಿದ್ದೆ. ಒಟ್ಟು 34,500 ಡಾಲರ್. ಮೊದಲ ಮೂರು ವರ್ಷ 5.1%, 2019ರಲ್ಲಿ 5.05%, ಆಮೇಲೆ 5% ದರದಂತೆ ಆ ಹಣದ ಮೇಲೆ ರಾಜ್ಯಕ್ಕೆ ಕೊಟ್ಟ ತೆರಿಗೆ 1,744 ಡಾಲರ್ 50 ಸೆಂಟ್. ಆದರೆ ನನ್ನ ಹೊಟ್ಟೆ ಉರಿದದ್ದು ಅದಕ್ಕಲ್ಲ. 2022ರಲ್ಲಿ ಮೊದಲ ಮನೆ ಕೊಳ್ಳಲು ಆ ಖಾತೆಯಿಂದ 10,000 ತೆಗೆದಾಗ ನನ್ನ ರಿಟರ್ನ್ ತುಂಬಿದವರು ಫೆಡರಲ್ ಅಂಕಿಯನ್ನೇ ರಾಜ್ಯದ ನಮೂನೆಗೂ ಬರೆದರು, ನಾನು ಇನ್ನೊಮ್ಮೆ 500 ಡಾಲರ್ ಕಟ್ಟಿದೆ. ಈ ರಾಜ್ಯದಲ್ಲಿ ಮೊದಲೇ ತೆರಿಗೆ ಕಟ್ಟಿದ ವಂತಿಗೆ ಪೂರ್ತಿ ಕೈಗೆ ಬರುವವರೆಗೂ ಹಿಂಪಡೆದ ಹಣಕ್ಕೆ ತೆರಿಗೆಯಿಲ್ಲ. ಮೊದಲ 34,500 ಡಾಲರ್‌ವರೆಗೆ ನಾನು ಏನನ್ನೂ ಕಟ್ಟಬೇಕಿರಲಿಲ್ಲ. ಮೂರು ವರ್ಷದ ಗಡುವಿನೊಳಗೆ ತಿದ್ದುಪಡಿ ರಿಟರ್ನ್ ಸಲ್ಲಿಸಿ ಆ 500 ವಾಪಸು ಪಡೆಯಲು ಖಾತೆಗೆ ಹಾಕಿದ ಹಣವನ್ನು ತೋರಿಸುವ ಆರು ವರ್ಷದ 5498 ನಮೂನೆಗಳನ್ನೂ ಹಳೆಯ ರಾಜ್ಯ ರಿಟರ್ನ್‌ಗಳ ಪ್ರತಿಗಳನ್ನೂ ಜೋಡಿಸಬೇಕಾಯಿತು. 2017ರದು ಸಿಕ್ಕಿದ್ದು ಹಳೆಯ ಲ್ಯಾಪ್‌ಟಾಪ್‌ನಲ್ಲಿ, ಮಗಳ ಹುಟ್ಟುಹಬ್ಬದ ಫೋಟೊಗಳ ಫೋಲ್ಡರ್‌ನಲ್ಲಿ.

ಪಿಟ್ಸ್‌ಬರ್ಗ್ ಹಳೆಯ ಒಕ್ಕಲು

ಪೆನ್ಸಿಲ್ವೇನಿಯಾಕ್ಕೆ ಬನ್ನಿ, ಹೆದರಬೇಡಿ. ಇಲ್ಲಿ ಐಆರ್‌ಎಗಷ್ಟೇ ಅಲ್ಲ, 401(ಕೆ), 403(ಬಿ) ವಂತಿಗೆಗೂ ಕಡಿತವಿಲ್ಲ ಎಂಬುದು ನಿಜ. 2006ರಲ್ಲಿ ನನ್ನ ಮೊದಲ ಡಬ್ಲ್ಯು-2 (ಕಂಪನಿ ಕೊಡುವ ವರ್ಷದ ಸಂಬಳ-ತೆರಿಗೆ ಪತ್ರ) ಬಂದಾಗ ಫೆಡರಲ್ ಲೆಕ್ಕದ ಸಂಬಳವಿರುವ ಬಾಕ್ಸ್ 1ರಲ್ಲಿ ಒಂದು ಅಂಕಿ, ರಾಜ್ಯದ ಲೆಕ್ಕದ ಸಂಬಳವಿರುವ ಬಾಕ್ಸ್ 16ರಲ್ಲಿ ಅದಕ್ಕಿಂತ ದೊಡ್ಡ ಅಂಕಿ ಇತ್ತು. ಪೇರೋಲ್‌ನವರು ತಪ್ಪು ಮಾಡಿದ್ದಾರೆಂದು ಮೂರು ಸಲ ಪತ್ರ ಬರೆದೆ. ಮೂರನೆಯ ಸಲ ಅಲ್ಲಿನ ಹಿರಿಯ ಹೆಂಗಸೊಬ್ಬರು ಫೋನ್ ಮಾಡಿ, ಎರಡರ ನಡುವಿನ ವ್ಯತ್ಯಾಸವು ಬಾಕ್ಸ್ 12ರಲ್ಲಿ ‘ಡಿ’ ಅಕ್ಷರದ ಮುಂದಿರುವ 401(ಕೆ) ಮೊತ್ತಕ್ಕೆ ಸರಿಹೊಂದುತ್ತದೆಯೇ ನೋಡಿ ಎಂದರು, ಸೆಂಟ್‌ವರೆಗೂ ಹೊಂದುತ್ತಿತ್ತು. ಕಳೆದ ವರ್ಷ ನಾನು ಹಾಕಿದ 23,000 ಡಾಲರ್‌ಗೆ 3.07%ರಂತೆ 706 ಡಾಲರ್ 10 ಸೆಂಟ್ ರಾಜ್ಯಕ್ಕೆ, 1%ರಂತೆ 230 ಡಾಲರ್ ನಮ್ಮ ಟೌನ್‌ಶಿಪ್‌ಗೆ ಹೋಯಿತು. ಅದಕ್ಕೆ ಪ್ರತಿಯಾಗಿ, ನಿವೃತ್ತಿಯ ಬಳಿಕ ಐವತ್ತೊಂಬತ್ತೂವರೆ ದಾಟಿ ತೆಗೆದ ಹಣಕ್ಕೆ, ಅದರ ಬೆಳವಣಿಗೆಗೂ ಸೇರಿ, ಈ ರಾಜ್ಯ ಒಂದು ಸೆಂಟ್ ಕೇಳುವುದಿಲ್ಲ. ಬಿತ್ತುವ ಬೀಜಕ್ಕೆ ತೆರಿಗೆ ಕೊಟ್ಟು ಇಡೀ ಪೈರನ್ನು ಮನೆಗೆ ತರುವುದು ನಷ್ಟವೆಂದು ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ.

ಸ್ಯಾನ್ ಹೋಸೆ

ಪಿಟ್ಸ್‌ಬರ್ಗ್‌ನವರು ಪೈರಿನ ಮಾತಾಡುತ್ತಾರೆ. ಬಿತ್ತಿದ ಹೊಲ ಬಿಟ್ಟು ಹೊರಡಬೇಕಾದವರ ಗತಿ ಏನು? ನಾನು 2009ರಿಂದ 2019ರ ಕೊನೆಯವರೆಗೆ ಅದೇ ರಾಜ್ಯದಲ್ಲಿದ್ದು, ಪ್ರತಿ ವರ್ಷ 401(ಕೆ)ಯ ಮಿತಿ ಮುಟ್ಟುವಷ್ಟು ಹಾಕಿದೆ. 16,500ರಿಂದ ಆರಂಭವಾಗಿ 19,000ದವರೆಗೆ ಏರಿದ ಆ ಹನ್ನೊಂದು ವರ್ಷದ ಮೊತ್ತ 1,93,000 ಡಾಲರ್. ರಾಜ್ಯಕ್ಕೆ ಕೊಟ್ಟದ್ದು 5,925, ಸ್ಥಳೀಯ ತೆರಿಗೆ 1,930. ಈಗ ನಾನು ಕ್ಯಾಲಿಫೋರ್ನಿಯಾದವನು. ಈ ರಾಜ್ಯ ನನ್ನನ್ನು ಹಿಂದಿನಿಂದಲೂ ಇಲ್ಲಿಯವನಾಗಿದ್ದೆನೋ ಎಂಬಂತೆ ಪರಿಗಣಿಸುತ್ತದೆ. ಪೆನ್ಸಿಲ್ವೇನಿಯಾ ಆಗಲೇ ತೆರಿಗೆ ವಸೂಲು ಮಾಡಿದೆ ಎಂಬ ಕಾರಣಕ್ಕೆ ಆ ವಂತಿಗೆಯನ್ನು ನನ್ನ ಮೂಲಧನವೆಂದು ಒಪ್ಪುವುದಿಲ್ಲ. ಇಲ್ಲಿದ್ದುಕೊಂಡು ಹಣ ತೆಗೆದರೆ ಅದೇ ಡಾಲರ್‌ಗೆ ಎರಡನೆಯ ಸಲ ರಾಜ್ಯ ತೆರಿಗೆ ಕಟ್ಟಬೇಕು. ನನ್ನ ಜೊತೆಗೇ ಕೆಲಸ ಬಿಟ್ಟ ಗೆಳೆಯನೊಬ್ಬ ವರ್ಜೀನಿಯಾಕ್ಕೆ ಹೋದ. ಬೇರೆ ರಾಜ್ಯ ಮೊದಲೇ ತೆರಿಗೆ ಹಾಕಿದ ವಂತಿಗೆಯನ್ನು ಕಳೆಯಲು ಅಲ್ಲಿನ ರಿಟರ್ನ್‌ನಲ್ಲಿ ಅವಕಾಶವಿದೆ. ಅದೇ ಕಂಪನಿ, ಅದೇ ಮೊತ್ತ, ಅವನಿಗೆ ಒಂದು ನ್ಯಾಯ, ನನಗೆ ಇನ್ನೊಂದು.

ಪಿಟ್ಸ್‌ಬರ್ಗ್ ಹಳೆಯ ಒಕ್ಕಲು

ನೀವು ಹೆಚ್ಚಿನ ಸಂಬಳಕ್ಕಾಗಿ ನಿಮ್ಮ ಇಚ್ಛೆಯಿಂದ ಕ್ಯಾಲಿಫೋರ್ನಿಯಾಕ್ಕೆ ಹೋದಿರಿ. ಅದರ ದೋಷವನ್ನು ನಮ್ಮ ರಾಜ್ಯದ ತಲೆಗೆ ಕಟ್ಟಬೇಡಿ. ಹಣ ತೆಗೆಯುವ ಕಾಲಕ್ಕೆ ಮರಳಿ ಬನ್ನಿ.

ಸ್ಯಾನ್ ಹೋಸೆ

ಇಚ್ಛೆಯಿಂದಲ್ಲ. ವೀಸಾ ಅವಧಿ ಮುಗಿಯುವ ಮೊದಲು ಕೆಲಸ ಕೊಟ್ಟ ಊರಿಗೆ ಹೋದೆ. ಮಕ್ಕಳು ಇಲ್ಲಿ ಬೇರು ಬಿಟ್ಟಿದ್ದಾರೆ. ಅರವತ್ತನೆಯ ವಯಸ್ಸಿನಲ್ಲಿ ತೆರಿಗೆಗಾಗಿ ಮನೆ ಮಾರಿ ಬನ್ನಿ ಎನ್ನುವುದು ಸುಲಭ.

ಎಡಿಸನ್ ನಿವೃತ್ತ ಶಿಕ್ಷಕಿ

ಗಂಡಸರ ಜಗಳದಲ್ಲಿ ನಮ್ಮ 403(ಬಿ) ಮರೆತೇ ಹೋಯಿತು. ನ್ಯೂಜೆರ್ಸಿಯಲ್ಲಿ ವಂತಿಗೆಗೆ ಕಡಿತ ಸಿಗುವುದು 401(ಕೆ)ಗೆ ಮಾತ್ರ. ಐಆರ್‌ಎ, 403(ಬಿ), ಸರ್ಕಾರಿ ನೌಕರರ ಇಂಥದೇ ಖಾತೆಯಾದ 457, ಯಾವುದಕ್ಕೂ ಇಲ್ಲ. ಪಕ್ಕದ ಮನೆಯ ಎಂಜಿನಿಯರರಿಗೆ ಕಡಿತ, ಅವರ ಮಕ್ಕಳಿಗೆ ಪಾಠ ಹೇಳಿದ ನಮಗೆ ಇಲ್ಲ. ಇಪ್ಪತ್ತೆರಡು ವರ್ಷ ನಾನು ತೆರಿಗೆ ಕಟ್ಟಿದ ಹಣವನ್ನೇ ಖಾತೆಗೆ ಹಾಕಿದೆ. ಆ ವಂತಿಗೆಯನ್ನು ಹಿಂಪಡೆಯುವಾಗ ಮತ್ತೆ ತೆರಿಗೆ ಕಟ್ಟಬೇಕಿಲ್ಲ, ಆದರೆ ಎಷ್ಟು ಹಾಕಿದ್ದೆನೆಂದು ನಾನೇ ತೋರಿಸಬೇಕು. ಬೇಸ್‌ಮೆಂಟ್‌ಗೆ ನೀರು ನುಗ್ಗಿದಾಗ ಮೊದಲ ಏಳು ವರ್ಷದ ಡಬ್ಲ್ಯು-2ಗಳಿದ್ದ ರಟ್ಟಿನ ಪೆಟ್ಟಿಗೆ ಮುದ್ದೆಯಾಗಿ ಹೋಗಿತ್ತು. ಹಾಳೆಗಳನ್ನು ಬಿಡಿಸಲು ಹೋದರೆ ಶಾಯಿ ಬೆರಳಿಗೆ ಅಂಟುತ್ತಿತ್ತು.

ಇದರಿಂದ ಆದದ್ದೇನೆಂದರೆ, ಆ ಏಳು ವರ್ಷದ ವಂತಿಗೆಯನ್ನು ಲೆಕ್ಕಕ್ಕೆ ತರಲಾಗದೆ ನಮ್ಮಿಬ್ಬರ ಆದಾಯ 1,50,640 ಡಾಲರ್ ಆಯಿತು. ಅರವತ್ತೆರಡು ದಾಟಿದವರಿಗೆ ಇಲ್ಲಿ ಪಿಂಚಣಿ ವಿನಾಯಿತಿಯಿದೆ: ಜಂಟಿ ರಿಟರ್ನ್‌ನಲ್ಲಿ ಆದಾಯ 1,00,000 ಡಾಲರ್‌ವರೆಗಿದ್ದರೆ 1,00,000ದವರೆಗಿನ ಪಿಂಚಣಿ ಪೂರ್ತಿ ಬಿಡುಗಡೆ, 1,25,000ದವರೆಗೆ ಅರ್ಧ, 1,50,000ದವರೆಗೆ ಕಾಲುಭಾಗ, ಅದರಾಚೆ ಶೂನ್ಯ. ನಮ್ಮ 60,000 ಪಿಂಚಣಿಯ ಕಾಲುಭಾಗ 15,000ಕ್ಕೆ ಸಿಗಬೇಕಿದ್ದ ವಿನಾಯಿತಿ 640 ಡಾಲರ್ ಹೆಚ್ಚಾದ ಕಾರಣಕ್ಕೆ ತಪ್ಪಿ, 829 ಡಾಲರ್ ತೆರಿಗೆ ಬಿತ್ತು. ಒಂದೇ ಒಂದು ವರ್ಷದ ಕಾಗದ ಉಳಿದಿದ್ದರೂ ನಾವು ಗೆರೆಯ ಈಚೆ ಇರುತ್ತಿದ್ದೆವು.

ಯಾರ್ಡ್ಲಿ ಎಂಜಿನಿಯರ್

ಮೇಡಂ, 401(ಕೆ) ಇದ್ದವರೆಲ್ಲ ಸುಖವಾಗಿದ್ದಾರೆ ಎನ್ನಬೇಡಿ. ನಾನು 2022ರ ಆಗಸ್ಟ್ ನಡುವಿನಲ್ಲಿ, ಪ್ರಶ್ನೆ ಕೇಳಿದವರಂತೆಯೇ, ನ್ಯೂಜೆರ್ಸಿಯಿಂದ ಪೆನ್ಸಿಲ್ವೇನಿಯಾಕ್ಕೆ ಬಂದೆ. ನದಿ ದಾಟುವ ಮೊದಲು ಹಾಕಿದ 401(ಕೆ) ವಂತಿಗೆಗೆ ನ್ಯೂಜೆರ್ಸಿಯಲ್ಲಿ ಕಡಿತ ಸಿಗುತ್ತದೆ, ದಾಟಿದ ಮೇಲೆ ಹಾಕಿದ್ದಕ್ಕೆ ಸಿಗುವುದಿಲ್ಲ. ಅದನ್ನು ತಿಳಿದು ವರ್ಷದ ಪೂರ್ತಿ 20,500 ಡಾಲರನ್ನು ಮೊದಲ ಹದಿನೈದು ಸಂಬಳದಲ್ಲೇ ಮುಗಿಸಿದೆ. ಅಂದರೆ ಸುಮಾರು 7,687 ಡಾಲರ್ ವಂತಿಗೆಯನ್ನು ಪೆನ್ಸಿಲ್ವೇನಿಯಾದ ಲೆಕ್ಕದಿಂದ ನ್ಯೂಜೆರ್ಸಿಯ ಲೆಕ್ಕಕ್ಕೆ ತಂದಂತಾಯಿತು. ಆ ಭಾಗದ ವರ್ಷದ ನನ್ನ ಆದಾಯ ನ್ಯೂಜೆರ್ಸಿಯ 2.45% ದರದ ಹಂತದಲ್ಲಿತ್ತು, ಆದ್ದರಿಂದ ಉಳಿದದ್ದು 188 ಡಾಲರ್. ಕಂಪನಿ ಪ್ರತಿ ಸಂಬಳದಲ್ಲಿ ನಾನು ಹಾಕಿದರೆ ಮಾತ್ರ 200 ಡಾಲರ್ ಮ್ಯಾಚ್ (ಖಾತೆಗೆ ಕಂಪನಿಯ ಪಾಲು) ಕೊಡುತ್ತಿತ್ತು, ವರ್ಷಾಂತ್ಯದಲ್ಲಿ ಸರಿದೂಗಿಸುವ ಪದ್ಧತಿ ನಮ್ಮಲ್ಲಿರಲಿಲ್ಲ. ಉಳಿದ ಒಂಬತ್ತು ಸಂಬಳದಲ್ಲಿ ನಾನು ಹಾಕಲು ಏನೂ ಉಳಿದಿರಲಿಲ್ಲ. ಹೋದದ್ದು 1,800 ಡಾಲರ್.

ಎಡಿಸನ್ ನಿವೃತ್ತ ಶಿಕ್ಷಕಿ

ನಿಮಗೆ ಕಳೆದುಕೊಳ್ಳಲು ಮ್ಯಾಚ್ ಇತ್ತು. ನನ್ನ ಖಾತೆಗೆ ಶಾಲೆಯವರು ಒಂದು ಡಾಲರ್ ಕೂಡ ಹಾಕಲಿಲ್ಲ. ನನ್ನ ಸಂಕಟದ ಪಕ್ಕದಲ್ಲಿ ಅದನ್ನು ಇಡಬೇಡಿ.

ಮೈಸೂರಿಗೆ ಮರಳಿದವನು

ಇಷ್ಟೊಂದು ಲೆಕ್ಕದ ನಡುವೆ ಯಾರೂ ಹೇಳದ ಮಾತೊಂದಿದೆ. 1996ರ ಜನವರಿಯಲ್ಲಿ ಬಂದ ಫೆಡರಲ್ ಕಾನೂನಿನ ಪ್ರಕಾರ, ತನ್ನಲ್ಲಿ ವಾಸವಿಲ್ಲದವರ ನಿವೃತ್ತಿ ಆದಾಯಕ್ಕೆ ಯಾವ ರಾಜ್ಯವೂ ತೆರಿಗೆ ಹಾಕುವಂತಿಲ್ಲ. 401(ಕೆ), 403(ಬಿ), 457, ಐಆರ್‌ಎ ಎಲ್ಲವೂ ಅದರಲ್ಲಿ ಸೇರಿವೆ. ನಾನು ಊರಿಗೆ ಬಂದ ಮೇಲೆ ಹಣ ತೆಗೆದಾಗ, ಹಿಂದೆ ನಾನಿದ್ದ ರಾಜ್ಯವೊಂದರಿಂದ ತೆರಿಗೆ ಕೇಳಿ ಪತ್ರ ಬಂತು. ಅಲ್ಲಿನ ಚಾಲನಾ ಪರವಾನಗಿ ಹಾಗೇ ಇತ್ತು, ಬ್ಯಾಂಕಿನ ವಿಳಾಸ ಬದಲಿಸಿರಲಿಲ್ಲ, ಬಾಡಿಗೆಗೆ ಕೊಟ್ಟ ಮನೆಯನ್ನು ಮಾರಿರಲಿಲ್ಲ. ನಾನು ನಿಜವಾಗಿ ಹೊರಟುಬಂದಿದ್ದೇನೆಂದು ಒಪ್ಪಿಸಲು ಸರಸ್ವತಿಪುರದ ಮನೆಯ ವಿದ್ಯುತ್ ಬಿಲ್ಲು, ಆಧಾರ್, ಮಗನ ಶಾಲೆಯ ದಾಖಲಾತಿ ಪತ್ರ ಇಷ್ಟನ್ನೂ ಕಳಿಸಿದೆ. ಹದಿನಾಲ್ಕು ತಿಂಗಳು ಹಿಡಿಯಿತು.

ಪಿಟ್ಸ್‌ಬರ್ಗ್ ಹಳೆಯ ಒಕ್ಕಲು

ಅವರು ಕೇಳಿದ್ದು ನ್ಯೂಟೌನ್‌ನ ಮಾತು, ಮೈಸೂರಿನದಲ್ಲ. ಅಲ್ಲದೆ, ರಾಜ್ಯದ ತೆರಿಗೆ ತಪ್ಪಿದರೂ ಫೆಡರಲ್ ತೆರಿಗೆ ಇದ್ದೇ ಇದೆ, ಭಾರತದಲ್ಲಿ ನಿವಾಸಿಯಾದ ಮೇಲೆ ಅಲ್ಲಿನ ಲೆಕ್ಕವೂ ಇದೆ. ಅರ್ಧ ಹೇಳಿ ಜನರನ್ನು ಊರಿಗೆ ಕರೆಯಬೇಡಿ.

ಮೈಸೂರಿಗೆ ಮರಳಿದವನು

ನಾನು ಯಾರನ್ನೂ ಕರೆಯಲಿಲ್ಲ. ರಾಜ್ಯದ ತೆರಿಗೆಯ ಪ್ರಶ್ನೆಗೆ ರಾಜ್ಯದ ತೆರಿಗೆಯ ಉತ್ತರ ಕೊಟ್ಟೆ.

ಪ್ಲೇನ್ಸ್‌ಬರೊ ಗೃಹಿಣಿ-ಶಿಕ್ಷಕಿ

ಎಲ್ಲರಿಗೂ ಧನ್ಯವಾದ, ನನ್ನಿಂದಾಗಿ ಯಾರಿಗಾದರೂ ಮನಸ್ಸಿಗೆ ನೋವಾಗಿದ್ದರೆ ಕ್ಷಮಿಸಬೇಕು. ಯಾರ್ಡ್ಲಿಯವರ ಮಾತು ಓದಿ ಯಜಮಾನರು ಕಂಪನಿಯಲ್ಲಿ ವಿಚಾರಿಸಿದರು: ಅಲ್ಲಿಯೂ ಮ್ಯಾಚ್ ಪ್ರತಿ ಸಂಬಳಕ್ಕೇ ಇದೆ, ವರ್ಷಾಂತ್ಯದಲ್ಲಿ ಸರಿದೂಗಿಸುವುದಿಲ್ಲ. ಆದ್ದರಿಂದ ವಂತಿಗೆಯನ್ನು ಈಗಿರುವಂತೆಯೇ ಡಿಸೆಂಬರ್‌ವರೆಗೆ ಹಂಚಿಡುತ್ತೇವೆ. ನಿನ್ನೆ ರಾತ್ರಿ ನನ್ನ ಡಬ್ಲ್ಯು-2ಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕುಳಿತೆ. ಪ್ರತಿಯೊಂದರಲ್ಲೂ ಬಾಕ್ಸ್ 12ರಲ್ಲಿ ‘ಇ’ ಅಕ್ಷರದ ಮುಂದಿರುವ 403(ಬಿ) ಮೊತ್ತದಷ್ಟೇ ಬಾಕ್ಸ್ 16 ಹೆಚ್ಚಾಗಿದೆ. ಇಷ್ಟು ವರ್ಷ ಅದನ್ನು ನೋಡಿಯೇ ಇರಲಿಲ್ಲ. ಏಳು ವರ್ಷದವು ಸಿಕ್ಕಿವೆ, 2019ರದು ಇಲ್ಲ. ಅದರ ಪ್ರತಿಗಾಗಿ ಇಂದು ಬೆಳಿಗ್ಗೆ ಶಾಲೆಯ ಕಚೇರಿಗೆ ಬರೆದಿದ್ದೇನೆ.