ಚಿಕ್ಕಪ್ಪನ 12 ರೂಪಾಯಿ ಸ್ಟ್ರಿಪ್

ಚಿಕ್ಕಪ್ಪ, ಬೆಳಗ್ಗೆ ನೀವು ಗ್ರೂಪಿಗೆ ಹಾಕಿದ ಫೋಟೊ ಈಗ ನೋಡಿದೆ. ಎರಡು ಸ್ಟ್ರಿಪ್ ಪಕ್ಕಪಕ್ಕ ಇಟ್ಟಿದ್ದೀರಿ. ಒಂದು ನೀವು ಆರು ವರ್ಷದಿಂದ ನುಂಗುತ್ತಿರುವ ಬಿಪಿ ಮಾತ್ರೆ, ಇನ್ನೊಂದು ಜನೌಷಧಿ ಕೇಂದ್ರದ್ದು. "ಅದು 75 ರೂಪಾಯಿ, ಇದು 12 ರೂಪಾಯಿ. ಒಳಗೆ ಸೀಮೆಸುಣ್ಣ ಇದೆಯಾ ಹೇಗೆ?" ಅಂತ ಕೇಳಿದ್ದೀರಿ. ಕೆಳಗೆ ಅತ್ತೆ ಬೇರೆ "ಅಗ್ಗದ ಸಹವಾಸ ಬೇಡಪ್ಪ" ಅಂತ ಬರೆದು ಕೈ ಮುಗಿದಿದ್ದಾರೆ. ಟೈಪ್ ಮಾಡುತ್ತಾ ಕೂತರೆ ಮುಗಿಯುವ ವಿಷಯವಲ್ಲ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಮಧ್ಯೆ ಕುಕ್ಕರ್ ಕೂಗಿದರೆ ಬೈಯಬೇಡಿ.

ಸೀಮೆಸುಣ್ಣ ಅಲ್ಲ. ಕನ್ನಡಕ ಹಾಕಿಕೊಂಡು ಎರಡನ್ನೂ ತಿರುಗಿಸಿ ಓದಿ. ಎರಡರಲ್ಲೂ ಟೆಲ್ಮಿಸಾರ್ಟನ್ 40 ಎಂಜಿ ಅಂತಲೇ ಇದೆ. ನೀವು "ಕಂಪನಿ ಮಾತ್ರೆ" ಅನ್ನುವುದೂ ಜನರಿಕ್ಕೇ, ಅಂದರೆ ಕಂಡುಹಿಡಿದ ಕಂಪನಿ ಬಿಟ್ಟು ಬೇರೆಯವರು ಮಾಡುವ ಅದೇ ಔಷಧಿ. ನಮ್ಮಲ್ಲಿ ಹತ್ತಾರು ಕಂಪನಿಗಳು ಅದೇ ಔಷಧಿಗೆ ತಮ್ಮ ತಮ್ಮ ಹೆಸರಿಟ್ಟು ಮಾರುತ್ತವೆ. ನಮ್ಮ 1970ರ ಪೇಟೆಂಟ್ ಕಾಯ್ದೆ ಔಷಧಿಗೆ ಪೇಟೆಂಟ್, ಅಂದರೆ ಬೇರೆಯವರು ಮಾಡದಂತೆ ತಡೆಯುವ ಹಕ್ಕು, ಕೊಡಲಿಲ್ಲ, ಮಾಡುವ ವಿಧಾನಕ್ಕೆ ಮಾತ್ರ ಕೊಟ್ಟಿತು. ಬೇರೆ ವಿಧಾನದಲ್ಲಿ ಮಾಡಿದರೆ ಯಾರೂ ಕೇಳುವಂತಿರಲಿಲ್ಲ. 2005ರವರೆಗೂ ಹೀಗೇ ನಡೆಯಿತು. ನಮ್ಮ ಔಷಧಿ ಕಂಪನಿಗಳು ಬಲಿತದ್ದೇ ಆಗ.

ಹಾಗಾದರೆ 75 ಯಾಕೆ, 12 ಯಾಕೆ? ಬ್ರ್ಯಾಂಡಿನ ಮಾತ್ರೆಯ ಬೆಲೆಯಲ್ಲಿ ಬ್ಯಾಗು ಹಿಡಿದು ಡಾಕ್ಟರ ಬಾಗಿಲಲ್ಲಿ ಕಾಯುವ ಕಂಪನಿ ರೆಪ್‌ಗಳ ಸಂಬಳ ಇದೆ, ಡೀಲರ್ ಮಾರ್ಜಿನ್ ಇದೆ, ಅಂಗಡಿಯವರದ್ದಿದೆ. ಜನೌಷಧಿಗೆ ಸರ್ಕಾರದ ಕಡೆಯವರು ಟೆಂಡರ್ ಕರೆದು ಒಟ್ಟಿಗೆ ಕೊಳ್ಳುತ್ತಾರೆ. 2008ರಲ್ಲಿ ಶುರುವಾದ ಯೋಜನೆ ಅದು, ಈಗ ದೇಶದಲ್ಲಿ 15,000ಕ್ಕೂ ಜಾಸ್ತಿ ಕೇಂದ್ರಗಳಿವೆ. ಪ್ರತಿ ಬ್ಯಾಚೂ ಮಾನ್ಯತೆ ಇರುವ ಲ್ಯಾಬಿನಲ್ಲಿ ಪಾಸಾದ ಮೇಲೆಯೇ ಅಂಗಡಿಗೆ ಬರಬೇಕು ಅನ್ನುವುದು ನಿಯಮ. ಕಳಪೆ ಬ್ಯಾಚ್ ಬರುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಕೇಂದ್ರ ಸರ್ಕಾರದ ಔಷಧ ನಿಯಂತ್ರಣ ಸಂಸ್ಥೆ ತಿಂಗಳು ತಿಂಗಳು ಹಾಕುವ ಫೇಲಾದ ಔಷಧಿಗಳ ಪಟ್ಟಿಯಲ್ಲಿ ಹೆಸರು ಮಾಡಿದ ಬ್ರ್ಯಾಂಡುಗಳೂ ಬಂದದ್ದಿದೆ. ಅತ್ತೆಗೆ ಇದನ್ನು ಯಾರಾದರೂ ತಿಳಿಸಿ.

ಇನ್ನೊಂದು. ಮಾಮೂಲಿ ಮೆಡಿಕಲ್ ಶಾಪಿನಲ್ಲಿ "ಜನರಿಕ್ ಕೊಡಿ" ಅಂದರೆ ಕೆಲವರು ಎಂಆರ್‌ಪಿ 90 ಇರುವ ಸ್ಟ್ರಿಪ್ ತೆಗೆದು "ನಿಮಗೆ 50ಕ್ಕೆ" ಅನ್ನುತ್ತಾರೆ. ಅವರಿಗೆ ಬಿದ್ದಿರುವುದು ಅದಕ್ಕಿಂತ ಎಷ್ಟೋ ಕಡಿಮೆ. ಡಿಸ್ಕೌಂಟ್ ನೋಡಿ ಖುಷಿ ಪಡಬೇಡಿ.

ಕಂಪನಿಗಳೆಲ್ಲ ಯಾಕೆ ಬಿಪಿ, ಶುಗರ್ ಮಾತ್ರೆಗಳ ಹಿಂದೆ ಬಿದ್ದಿವೆ ಗೊತ್ತಾ? ಜ್ವರದ ಮಾತ್ರೆ ಐದು ದಿನ, ಬಿಪಿ ಮಾತ್ರೆ ಇರುವಷ್ಟು ದಿನ. 2011ರ ಜನಗಣತಿಯಲ್ಲೇ 60 ದಾಟಿದವರು 10 ಕೋಟಿಗೂ ಜಾಸ್ತಿ ಇದ್ದರು. ನಾವು ಹೋಗುವ ಕೇಂದ್ರದಲ್ಲಿ ತಿಂಗಳ ಮೊದಲ ವಾರ ನೋಡಬೇಕು ನೀವು. ಕೃಷ್ಣರಾವ್ ಪಾರ್ಕಿನ ವಾಕಿಂಗ್ ಮುಗಿಸಿ, ಚೀಟಿಯನ್ನು ಹಾಲಿನ ಕವರಿನಲ್ಲಿ ಸುತ್ತಿಕೊಂಡು ಬಂದವರ ಸಾಲು. ಮಾತೆಲ್ಲ ಪೆನ್ಶನ್ನು, ಕಿಡ್ನಿ ಟೆಸ್ಟಿನ ಕ್ರಿಯಾಟಿನಿನ್ನು, ಅಮೆರಿಕದ ಮೊಮ್ಮಗು. ನಮ್ಮಂಥವರ ಇನ್ಶೂರೆನ್ಸ್ ಎಲ್ಲ ಅಡ್ಮಿಟ್ ಆದರೆ ಮಾತ್ರ, ತಿಂಗಳ ಮಾತ್ರೆ ಕೈಯಿಂದಲೇ ಅಲ್ವಾ? ಅಮ್ಮನ ಶುಗರ್ ಮಾತ್ರೆ ಎಂಪಾಗ್ಲಿಫ್ಲೋಜಿನ್ ಒಂದಕ್ಕೆ 60 ರೂಪಾಯಿ ಹತ್ತಿರ ಇತ್ತು. ಮಾರ್ಚ್ 2025ರಲ್ಲಿ ಪೇಟೆಂಟ್ ಮುಗಿಯಿತು ನೋಡಿ, ಬೇರೆ ಕಂಪನಿಗಳೂ ಮಾಡತೊಡಗಿ 10 ರೂಪಾಯಿ ಆಸುಪಾಸಿಗೆ ಬಂತು. ತಿಂಗಳಿಗೆ 1,800 ಇದ್ದದ್ದು 300.

ಈಗ ನನಗೆ ನಿಜವಾಗಿ ಭಯ ಇರುವ ವಿಷಯ. ನಿಮಗೆ ಹೇಳಿರಲಿಲ್ಲ, ಅಮ್ಮ ಹೇಳಬೇಡ ಅಂದಿದ್ದರು. ಹೋದ ವರ್ಷ ನಾನೇ ಅವರ ಬಿಪಿ ಮಾತ್ರೆ ಬದಲಿಸಿ ಅಗ್ಗದ ಜನರಿಕ್ ತಂದಿದ್ದೆ. ಹಳೇ ಸ್ಟ್ರಿಪ್ಪಿನಲ್ಲಿ ಇನ್ನೂ ಆರು ಮಾತ್ರೆ ಇತ್ತು, ಸ್ಟೀಲ್ ಡಬ್ಬಿಯಲ್ಲೇ ಬಿಟ್ಟೆ. ಅಮ್ಮ ಹೆಸರು ಓದುವುದಿಲ್ಲ, ಬಣ್ಣ ನೋಡುತ್ತಾರೆ. ಹೊಸದು ಡಾಕ್ಟರ್ ಜಾಸ್ತಿ ಮಾಡಿದ್ದು ಅಂದುಕೊಂಡು ನಾಲ್ಕು ದಿನ ಎರಡನ್ನೂ ನುಂಗಿದ್ದಾರೆ. ಐದನೇ ದಿನ ಬೆಳಗ್ಗೆ ರಂಗೋಲಿ ಹಾಕಲು ಬಗ್ಗಿ ಎದ್ದವರು ತಲೆ ತಿರುಗಿ ಹೊಸ್ತಿಲ ಮೇಲೆ ಕೂತುಬಿಟ್ಟರು. ಬಿಪಿ ಮೆಷಿನ್ನಿನಲ್ಲಿ 92/56, ತೀರಾ ಕಡಿಮೆ. ನಾನು ಮೊದಲು ಬೈದದ್ದು ಜನರಿಕ್ಕನ್ನೇ. ಆಮೇಲೆ ಡಬ್ಬಿ ತೆಗೆದು ಎಣಿಸಿದೆ. ಹಳೇ ಸ್ಟ್ರಿಪ್ಪಿನಲ್ಲಿ ಎರಡೇ ಉಳಿದಿತ್ತು.

ಜನರಿಕ್ಕಿನ ತೊಂದರೆ ಇದೇ ಚಿಕ್ಕಪ್ಪ. ಈ ತಿಂಗಳು ಬಿಳಿ, ಬರುವ ತಿಂಗಳು ಗುಲಾಬಿ. ನಮಗೆ ಅದೇ ಔಷಧಿ, 78 ವರ್ಷದವರಿಗೆ ಬೇರೆ. ಈಗ ನಾನು ಪ್ರತಿ ಸ್ಟ್ರಿಪ್ಪಿನ ಮೇಲೂ ಸ್ಕೆಚ್ ಪೆನ್ನಿನಲ್ಲಿ "ಬಿಪಿ ಬೆಳಗ್ಗೆ", "ಶುಗರ್" ಅಂತ ದಪ್ಪಗೆ ಬರೆಯುತ್ತೇನೆ. ಹಳೆಯದು ಡಬ್ಬಿಯಿಂದ ಹೊರಗೆ ಬಂದ ಮೇಲೆಯೇ ಹೊಸದು ಒಳಗೆ.

ಚಿಕ್ಕಮ್ಮನ ಥೈರಾಯ್ಡ್ ಮಾತ್ರೆ ಮಾತ್ರ ಸುಮ್ನೆ ಬದಲಿಸಬೇಡಿ. ಅದರಲ್ಲಿ ಚೂರು ಹೆಚ್ಚುಕಡಿಮೆ ಆದರೂ ಮೈಗೆ ಗೊತ್ತಾಗುತ್ತದೆ. ಬದಲಿಸಲೇಬೇಕಾದರೆ ಡಾಕ್ಟರಿಗೆ ಹೇಳಿ, ಆರೆಂಟು ವಾರ ಬಿಟ್ಟು ಟಿಎಸ್‌ಎಚ್ ಅನ್ನುವ ಥೈರಾಯ್ಡ್ ರಕ್ತದ ಟೆಸ್ಟ್ ಮಾಡಿಸಬೇಕು. ರಕ್ತ ತೆಳು ಮಾಡುವ ವಾರ್ಫರಿನ್, ಫಿಟ್ಸ್ ಮಾತ್ರೆ ಕೂಡ ಹೀಗೆಯೇ. ಮತ್ತೆ, ಚೀಟಿಯಲ್ಲಿ ಬ್ರ್ಯಾಂಡ್ ಹೆಸರು ಬರೆದಿದ್ದರೆ ಅಂಗಡಿಯವರು ತಾವಾಗಿಯೇ ಬೇರೆ ಕೊಡುವಂತಿಲ್ಲ, ಕಾನೂನೇ ಹಾಗಿದೆ. ಮುಂದಿನ ಸಲ ಡಾಕ್ಟರ ಹತ್ತಿರ ಔಷಧಿಯ ಹೆಸರನ್ನೇ ಬರೆಸಿಕೊಳ್ಳಿ. ಮುಖ ಸಿಂಡರಿಸಿದರೂ ಬರೆದುಕೊಡುತ್ತಾರೆ.

ಭಾನುವಾರ ಬರುತ್ತೇನೆ. ಡಬ್ಬಿ ನಾನೇ ಜೋಡಿಸಿಕೊಡುತ್ತೇನೆ. ಅಲ್ಲಿಯವರೆಗೆ ಹಳೆಯದನ್ನೇ ತೆಗೆದುಕೊಳ್ಳಿ, 12 ರೂಪಾಯಿದ್ದನ್ನು ಫ್ರಿಜ್ಜಿನ ಮೇಲೆ ಎತ್ತಿಡಿ. ಚಿಕ್ಕಮ್ಮನ ಕೈಗೆ ಸಿಗದ ಹಾಗೆ.